ಪೈಲಟ್ ತಪ್ಪಂತೆ, ಹೌದಾ?

ಎಲ್ಲೇ ವಿಮಾನ ಬಿದ್ದರೂ ಸರಿ, ಸುದ್ದಿ ಬಂದ ಸ್ವಲ್ಪ ಹೊತ್ತಿಗೆ ನನ್ನ ಫೋನಿಗೆ ಮೆಸೇಜುಗಳು ಬರೋಕೆ ಶುರು. ನಾನು ವಿಮಾನ ಹಾರಿಸುವವನಲ್ಲ. ಹ್ಯಾಂಗರಿನಲ್ಲಿ ಅದನ್ನು ಬಿಚ್ಚಿ ಜೋಡಿಸುವ ಮೇಂಟೆನೆನ್ಸ್ ಇಂಜಿನಿಯರ್. ನೆಂಟರಿಗೆ ಅಷ್ಟು ಸಾಕು. "ಪೈಲಟ್ ತಪ್ಪಂತೆ, ಹೌದಾ?" ಅಂತ ಕೇಳುತ್ತಾರೆ. "ತನಿಖೆ ಮುಗೀಲಿ ಮಾರಾಯ" ಅಂದರೆ ಯಾರಿಗೂ ಸಮಾಧಾನ ಇಲ್ಲ. ಸಂಜೆ ಹೊತ್ತಿಗೆ ಟಿವಿಯಲ್ಲಿ ‘ನಿರ್ಲಕ್ಷ್ಯ’ ಅಂತ ದಪ್ಪ ಅಕ್ಷರ ಬಂದಿರುತ್ತದೆ. ಅಲ್ಲಿಗೆ ಕೇಸು ಮುಗೀತು.

ವಿಮಾನ ಅಪಘಾತಗಳಲ್ಲಿ ಶೇ 70ರಿಂದ 80ಕ್ಕೆ ಮನುಷ್ಯರ ತಪ್ಪೇ ಕಾರಣ ಅನ್ನುವ ಲೆಕ್ಕ ಎಲ್ಲ ಕಡೆ ಓಡಾಡುತ್ತದೆ. ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ವಿಮಾನದ ನಕ್ಷೆ ಹಾಕುವುದು ಮನುಷ್ಯ, ಜೋಡಿಸುವುದು ಮನುಷ್ಯ, ಹಾರಿಸುವುದು ಮನುಷ್ಯ, ರಾತ್ರಿ ಅದರ ಹೊಟ್ಟೆಯೊಳಗೆ ಟಾರ್ಚ್ ಹಿಡಿದು ಮಲಗುವುದೂ ಮನುಷ್ಯನೇ. ಉಳಿದ 20 ಯಾವ ದೇವರ ಖಾತೆಗೆ ಹೋಗುತ್ತದೋ ನನಗಂತೂ ಅರ್ಥವಾಗಿಲ್ಲ.

ನನ್ನ ಅನುಭವದಲ್ಲಿ ಸೋಮಾರಿಗಳಿಂದ ಆಗುವ ಅನಾಹುತ ಕಡಿಮೆ. ಸೋಮಾರಿ ಯಾರು ಅಂತ ಶಿಫ್ಟಿನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಅವನು ಮುಟ್ಟಿದ್ದನ್ನು ಇನ್ನೊಬ್ಬರು ಹೋಗಿ ನೋಡಿಕೊಂಡು ಬರುತ್ತಾರೆ. ಭಯ ಇರುವುದು ಕೆಲಸ ಚೆನ್ನಾಗಿ ಬಲ್ಲವನದ್ದು. ಜನ ಕಡಿಮೆ ಇದ್ದಾಗ "ಬಿಡು, ನಾನೇ ಮುಗಿಸ್ತೀನಿ" ಅನ್ನುವವನದ್ದು. ಅವನ ಕೆಲಸವನ್ನು ಯಾರೂ ತಿರುಗಿ ನೋಡುವುದಿಲ್ಲ, ಅಲ್ವಾ? ನಮ್ಮ ಕಡೆಯ ತರಬೇತಿ ಕ್ಲಾಸುಗಳಲ್ಲಿ ಮತ್ತೆ ಮತ್ತೆ ಹೇಳುವ ಕಥೆಯೊಂದಿದೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

1990ರ ಜೂನ್ 10. ಬ್ರಿಟಿಷ್ ಏರ್‌ವೇಸ್‌ನ 5390 ವಿಮಾನ, ಬಿಎಸಿ 1-11 ಮಾದರಿಯದ್ದು. ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನಿನ ಮಲಗಾಗೆ ಹೊರಟಿತ್ತು. ಸುಮಾರು 17,300 ಅಡಿ ಎತ್ತರಕ್ಕೆ ಬಂದಾಗ ಕ್ಯಾಪ್ಟನ್ ಕಡೆಯ ಮುಂಗಾಜು ಪಟ್ಟಂತ ಕಿತ್ತು ಹಾರಿಹೋಯಿತು. ಒಳಗಿನ ಗಾಳಿ ಹೊರನುಗ್ಗಿದ ರಭಸಕ್ಕೆ ಕ್ಯಾಪ್ಟನ್ ಸೀಟಿನಿಂದ ಎದ್ದು ಕಿಟಕಿಯಲ್ಲಿ ಸೊಂಟದವರೆಗೆ ಹೊರಗೆ ಹೋದರು. ಕ್ಯಾಬಿನ್ ಸಿಬ್ಬಂದಿ ಕಾಲು ಹಿಡಿದು ಜಗ್ಗಿಕೊಂಡು ನಿಂತರು. ಅವರು ಬದುಕಿಲ್ಲ ಅಂತಲೇ ಒಳಗಿದ್ದವರು ಅಂದುಕೊಂಡಿದ್ದರು. ಆದರೂ ಬಿಡಲಿಲ್ಲ. ಕೋ-ಪೈಲಟ್ ಒಬ್ಬರೇ ವಿಮಾನವನ್ನು ಸೌತಾಂಪ್ಟನ್‌ನಲ್ಲಿ ಇಳಿಸಿದರು. ಕ್ಯಾಪ್ಟನ್ ಸೇರಿ ಎಲ್ಲರೂ ಬದುಕಿದರು. ಕ್ಯಾಪ್ಟನ್ ಕೆಲವೇ ತಿಂಗಳಲ್ಲಿ ಮತ್ತೆ ಕೆಲಸಕ್ಕೂ ಬಂದರು.

ಜನ ನೆನಪಿಟ್ಟುಕೊಳ್ಳುವುದು ಇಷ್ಟು. ನನಗೆ ಮುಖ್ಯ ಆಗಿರುವುದು ಅದಕ್ಕೂ ಹಿಂದಿನ ರಾತ್ರಿ ಪಾಳಿ.

ಆ ಗಾಜನ್ನು ಬದಲಾಯಿಸಿ ಕೂರಿಸಿದ್ದು ಆ ಹಾರಾಟಕ್ಕೆ ಮುಂಚೆ, ರಾತ್ರಿ ಶಿಫ್ಟಿನಲ್ಲಿ. ಆ ದಿನ ಜನ ಕಡಿಮೆ. ಶಿಫ್ಟ್ ಮ್ಯಾನೇಜರ್ ಅನುಭವಸ್ಥ, ಜವಾಬ್ದಾರಿ ಮನುಷ್ಯ. ಹುಡುಗರ ಮೇಲೆ ಹೊರೆ ಹಾಕುವುದು ಬೇಡ ಅಂತ ತಾನೇ ಕೈ ಹಾಕಿದ. ಕೆಲಸ ನಡೆದಿದ್ದು ಬೆಳಗಿನ ಜಾವ 3ರಿಂದ 5ರ ನಡುವೆ. ಗಾಜು ಹಿಡಿದಿದ್ದ 90 ಬೋಲ್ಟುಗಳನ್ನು ಬಿಚ್ಚಿದ. ಕೆಲವು ಹಾಳಾಗಿದ್ದವು. ಹೊಸದು ಹಾಕೋಣ ಅಂದುಕೊಂಡ. ಒಳ್ಳೆಯ ನಿರ್ಧಾರವೇ. ಹಳೆಯ ಬೋಲ್ಟೊಂದನ್ನು ಕೈಯಲ್ಲಿ ಹಿಡಿದುಕೊಂಡು ಸ್ಟೋರ್ಸಿಗೆ ಹೋದ.

ಮೊದಲ ಎಡವಟ್ಟು ಅಲ್ಲೇ ಇತ್ತು, ಅದು ಇವನದ್ದಲ್ಲ. ಹಳೆಯ ಬೋಲ್ಟೇ ತಪ್ಪು. ಯಾರೋ ಯಾವಾಗಲೋ 8ಡಿ (ಬೋಲ್ಟಿನ ಅಳತೆಯ ಗುರುತು) ಹಾಕಬೇಕಾದ ಜಾಗಕ್ಕೆ 0.1 ಇಂಚು ಗಿಡ್ಡದಾದ 7ಡಿ ಹಾಕಿದ್ದರು, ವಿಮಾನ ಅದರಲ್ಲೇ ಹಾರಿಕೊಂಡಿತ್ತು. ಸ್ಟೋರ್ಸಿನವನು "ಆ ಗಾಜಿಗೆ ಹಾಕೋದು 8ಡಿ" ಅಂತ ಹೇಳಿಯೂ ಹೇಳಿದ. ಆದರೆ ಕೈಯಲ್ಲಿ ಇರುವುದು 7ಡಿ, ಇಷ್ಟು ದಿನ ಗಟ್ಟಿಯಾಗಿ ಕೂತಿತ್ತು. ಅದನ್ನೇ ಹಾಕೋಣ ಅಂದುಕೊಂಡ. ಅಲ್ಲಿ 7ಡಿ ಬೇಕಾದಷ್ಟು ಇರಲಿಲ್ಲ. ವಿಮಾನ ನಿಲ್ದಾಣದ ಇನ್ನೊಂದು ಕಡೆ, ಯಾರೂ ಕಾಯದ ಬೋಲ್ಟುಗಳ ಡ್ರಾಯರ್ ಇತ್ತು. ಅಲ್ಲಿಗೆ ಹೋದ. ಮಂದ ಬೆಳಕು. ಓದುವ ಕನ್ನಡಕ ಹಾಕಿಕೊಂಡಿರಲಿಲ್ಲ. ಬೋಲ್ಟಿಗೆ ಬೋಲ್ಟು ಹಿಡಿದು, ಕಣ್ಣಂದಾಜಿನಲ್ಲಿ ಹೊಂದಿಸಿ ತಂದ. ತಂದಿದ್ದು 8ಸಿ. ದಪ್ಪದಲ್ಲಿ 0.026 ಇಂಚು ಕಡಿಮೆ. ಮಿಲಿಮೀಟರ್ ಲೆಕ್ಕದಲ್ಲಿ ಒಂದರ ಮೂರನೇ ಎರಡು ಭಾಗ.

ಅಷ್ಟು ಸಣ್ಣ ವ್ಯತ್ಯಾಸ ಕೈಗಾದರೂ ಗೊತ್ತಾಗಬೇಕಿತ್ತಲ್ಲ ಅಂತ ಕೇಳಬಹುದು. ನಾನೂ ಮೊದಲ ಸಲ ಓದಿದಾಗ ಹಾಗೇ ಅಂದುಕೊಂಡೆ. ಟಾರ್ಕ್ ಮಿತಿ ಇರುವ ಸ್ಕ್ರೂಡ್ರೈವರ್ ಬಳಸಿದವರಿಗೆ ಗೊತ್ತು, ಬೇಕಾದ ಬಿಗಿ ಬಂದಾಗ ಅದು ಕೈಯಲ್ಲಿ ಟಕ್ ಅಂತ ಜಾರುತ್ತದೆ. ಸಣ್ಣ ಬೋಲ್ಟು ನಟ್ಟಿನ ಹಲ್ಲಿನ ಮೇಲೆ ಜಾರಿದಾಗಲೂ ಕೈಗೆ ಸಿಗುವುದು ಅದೇ ಟಕ್. ಅವನು ನಿಂತಿದ್ದ ಪ್ಲಾಟ್‌ಫಾರಂ ಗಾಜಿಗೆ ಸರಿಯಾಗಿ ಎದುರಾಗಿ ಇರಲಿಲ್ಲ. ಮೈ ಚಾಚಿಕೊಂಡು ತಿರುಗಿಸಬೇಕಿತ್ತು. ಬೋಲ್ಟಿನ ತಲೆ ಅವನ ಕೈಯಿಂದಲೇ ಮರೆಯಾಗುತ್ತಿತ್ತು. ಸಣ್ಣ ತಲೆ ಗುಳಿಯೊಳಗೆ ಬೇಕಾದ್ದಕ್ಕಿಂತ ಆಳಕ್ಕೆ ಇಳಿದಿದ್ದು ಕಣ್ಣಿಗೆ ಬೀಳಲಿಲ್ಲ. ಕೊನೆಗೆ ಗಾಜು ಹಾರಿದಾಗ ಅದರಲ್ಲಿ ಇದ್ದಿದ್ದು 84 ತೆಳು ಬೋಲ್ಟು, 6 ಗಿಡ್ಡ ಬೋಲ್ಟು. ಸರಿಯಾದ ಬೋಲ್ಟು ಒಂದೂ ಇಲ್ಲ.

ಇನ್ನೊಂದು ವಿಷಯ. ಆ ವಿಮಾನದ ಗಾಜನ್ನು ಹೊರಗಿನಿಂದ ಇಟ್ಟು ಬೋಲ್ಟು ಹಾಕುತ್ತಿದ್ದರು. ಒಳಗಿನಿಂದ ಕೂರಿಸಿದ್ದರೆ ಒಳಗಿನ ಗಾಳಿಯ ಒತ್ತಡವೇ ಅದನ್ನು ಚೌಕಟ್ಟಿಗೆ ಒತ್ತಿ ಹಿಡಿಯುತ್ತಿತ್ತು. ಹೊರಗಿನಿಂದ ಕೂರಿಸಿದರೆ ಇಡೀ ಒತ್ತಡ ಬೋಲ್ಟಿನ ತಲೆಯ ಮೇಲೆ. ಇಷ್ಟಾದರೂ ಗಾಜು ಬದಲಿಸುವುದು ಎರಡನೇ ವ್ಯಕ್ತಿ ನೋಡಲೇಬೇಕಾದ ಕೆಲಸಗಳ ಪಟ್ಟಿಯಲ್ಲಿ ಇರಲಿಲ್ಲ. ಮಾಡಿದವನೇ ಸಹಿ ಹಾಕಿದರೆ ವಿಮಾನ ಹೊರಡಬಹುದಿತ್ತು.

ಈಗ ಹೇಳಿ, ಇದನ್ನು ಒಂದೇ ಮಾತಿನಲ್ಲಿ ನಿರ್ಲಕ್ಷ್ಯ ಅಂತ ಬರೆದು ಮುಗಿಸಿದರೆ ಮುಂದಿನ ಗಾಜು ಗಟ್ಟಿಯಾಗಿ ಕೂರುತ್ತಾ? ಅವನನ್ನು ಮನೆಗೆ ಕಳಿಸಿದರೆ ಮಂದ ಬೆಳಕಿನ ಡ್ರಾಯರ್ ಅಲ್ಲೇ ಇರುತ್ತದೆ, ಓರೆಯಾಗಿ ನಿಂತ ಪ್ಲಾಟ್‌ಫಾರಂ ಅಲ್ಲೇ ಇರುತ್ತದೆ. ಅವನು ಮ್ಯಾನುಯಲ್ಲಿನಲ್ಲಿ ಬೋಲ್ಟಿನ ನಂಬರು ನೋಡಬೇಕಿತ್ತು, ನೋಡಲಿಲ್ಲ. ಅದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ತನಿಖೆಯವರು ಅಷ್ಟಕ್ಕೇ ನಿಲ್ಲಲಿಲ್ಲ. ಹಾಗಾಗಿಯೇ ನಮಗೆ ಇಷ್ಟೆಲ್ಲ ಗೊತ್ತಾಗಿದ್ದು.

ಹ್ಯಾಂಗರುಗಳಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಗೋಡೆ ಮೇಲೆ ತೂಗುಹಾಕಿರುತ್ತಾರೆ. ‘ಡರ್ಟಿ ಡಜನ್’ ಅಂತ. ಕೆನಡಾದ ಸಾರಿಗೆ ಇಲಾಖೆಯಲ್ಲಿದ್ದ ಗಾರ್ಡನ್ ಡುಪಾಂಟ್ 1993ರಲ್ಲಿ ಮಾಡಿದ್ದು. ಮನುಷ್ಯ ತಪ್ಪು ಮಾಡಲು 12 ಕಾರಣಗಳು: ಮಾತು ತಲುಪದಿರುವುದು, ಅತಿ ವಿಶ್ವಾಸ, ತಿಳಿವಳಿಕೆ ಸಾಲದಿರುವುದು, ಗಮನ ತಪ್ಪುವುದು, ದಣಿವು, ಒತ್ತಡ, ಬಾಯಿಬಿಟ್ಟು ಹೇಳಲಾಗದಿರುವುದು, ‘ಇಲ್ಲಿ ಹೀಗೇ ನಡೆಯೋದು’ ಅನ್ನುವ ರೂಢಿ, ಹೀಗೆ. ಪಟ್ಟಿ ಚೆನ್ನಾಗಿದೆ. ತೊಂದರೆ ಏನಂದರೆ ದಿನಾ ನೋಡಿ ನೋಡಿ ಯಾರೂ ಅದನ್ನು ಓದುವುದಿಲ್ಲ. ಜೊತೆಗೆ ಪಟ್ಟಿಯಲ್ಲಿ 12 ಬೇರೆ ಬೇರೆ ಸಾಲು ಇದ್ದರೂ ನಿಜವಾದ ರಾತ್ರಿಯಲ್ಲಿ ಅವು ಒಂದೊಂದಾಗಿ ಬರುವುದಿಲ್ಲ. ಬರ್ಮಿಂಗ್‌ಹ್ಯಾಮ್‌ನ ಆ ರಾತ್ರಿ ಕನಿಷ್ಠ ಐದಾರು ಒಟ್ಟಿಗೇ ಬಂದಿದ್ದವು.

ಗಮನ ತಪ್ಪುವುದರ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು, ಯಾಕಂದರೆ ಹೊರಗಿನವರಿಗೆ ಅದು ತಮಾಷೆ ಅನ್ನಿಸುತ್ತದೆ. "ಅಷ್ಟು ದೊಡ್ಡ ಕೆಲಸದಲ್ಲಿ ಗಮನ ತಪ್ಪುತ್ತಾ?" ಅಂತಾರೆ. ಹತ್ತು ನಟ್ಟು ಇರುವ ಒಂದು ಪೈಪ್ ಜೋಡಣೆ ಅಂದುಕೊಳ್ಳಿ. ಮೊದಲು ಎಲ್ಲವನ್ನೂ ಕೈಯಲ್ಲೇ ತಿರುಗಿಸಿ ಕೂರಿಸುತ್ತೇವೆ. ಆಮೇಲೆ ಟಾರ್ಕ್ ರೆಂಚಿನಿಂದ ಒಂದೊಂದಾಗಿ ಬಿಗಿ ಮಾಡುತ್ತೇವೆ. ಆರು ಮುಗಿದಿದೆ. ಕೆಳಗಿಂದ ಯಾರೋ ಕೂಗುತ್ತಾರೆ, "ಸಾರ್, ಆ ಟೈರಿನ ಪೇಪರ್ ಎಲ್ಲಿಟ್ರಿ?" ಇಳಿದು ಹೋಗಿ ಕೊಟ್ಟು ಬರುತ್ತೀರಿ. ಈಗ ಎಷ್ಟನೇ ನಟ್ಟು? ಬಿಗಿ ಮಾಡಿದ ನಟ್ಟಿಗೂ ಕೈಯಲ್ಲಿ ತಿರುಗಿಸಿ ಬಿಟ್ಟ ನಟ್ಟಿಗೂ ನೋಟದಲ್ಲಿ ಏನೇನೂ ವ್ಯತ್ಯಾಸ ಇಲ್ಲ. ಅದಕ್ಕೇ ಬಿಗಿ ಮಾಡಿದ ಕೂಡಲೇ ನಟ್ಟಿನಿಂದ ಪಕ್ಕದ ಲೋಹದ ಮೇಲೆ ಬಣ್ಣದ ಗೆರೆ ಎಳೆಯುವುದು. ಗೆರೆ ಇದ್ದರೆ ಬಿಗಿ ಆಗಿದೆ. ಮುಂದೆ ಯಾವತ್ತಾದರೂ ಗೆರೆ ಮುರಿದು ಕಂಡರೆ ನಟ್ಟು ತಿರುಗಿದೆ ಅಂತ ಅರ್ಥ. ಎಲ್ಲ ಮುಗಿಸಿ ಕೊನೆಗೆ ಒಟ್ಟಿಗೆ ಗೆರೆ ಎಳೆಯುವವರೂ ಇದ್ದಾರೆ. ಆ ಅಭ್ಯಾಸ ನೋಡಿದರೆ ನನಗೆ ಮೈ ಉರಿಯುತ್ತದೆ. ಕೆಲಸದ ನಡುವೆ ಎದ್ದು ಹೋಗಿ ಬಂದರೆ ಮೂರು ಹೆಜ್ಜೆ ಹಿಂದಿನಿಂದ ಶುರು ಮಾಡು ಅನ್ನುವುದು ಈ ವೃತ್ತಿಯಲ್ಲಿ ಎಲ್ಲರೂ ಕಲಿಸುವ ಪಾಠ.

ಕಾಕ್‌ಪಿಟ್ಟಿನಲ್ಲೂ ಅಷ್ಟೇ. 1972ರ ಡಿಸೆಂಬರ್ 29ರ ರಾತ್ರಿ ಈಸ್ಟರ್ನ್ ಏರ್‌ಲೈನ್ಸ್‌ನ 401 ವಿಮಾನ ಮಯಾಮಿಯಲ್ಲಿ ಇಳಿಯಬೇಕಿತ್ತು. ಮುಂದಿನ ಚಕ್ರ ಇಳಿದಿದೆ ಅಂತ ತೋರಿಸುವ ಹಸಿರು ದೀಪ ಹೊತ್ತಲಿಲ್ಲ. ಆಟೋಪೈಲಟ್ ಹಾಕಿ 2,000 ಅಡಿಯಲ್ಲಿ ಸುತ್ತು ಹೊಡೆಯುತ್ತ ಎಲ್ಲರೂ ಆ ದೀಪದ ಹಿಂದೆ ಬಿದ್ದರು. ಒಬ್ಬರು ಅದನ್ನು ಕಿತ್ತು ನೋಡುತ್ತಿದ್ದಾರೆ, ಇನ್ನೊಬ್ಬರು ಕೆಳಗಿನ ಗುಂಡಿಗೆ ಇಳಿದು ಚಕ್ರ ಕಾಣುತ್ತಾ ಅಂತ ನೋಡುತ್ತಿದ್ದಾರೆ. ಈ ನಡುವೆ ಎತ್ತರ ಹಿಡಿದಿಡುವ ಆಟೋಪೈಲಟ್ ವ್ಯವಸ್ಥೆ ಯಾರಿಗೂ ತಿಳಿಯದಂತೆ ಬಿಟ್ಟುಹೋಗಿತ್ತು. ವಿಮಾನ ಮೆಲ್ಲಗೆ ಇಳಿಯುತ್ತಿತ್ತು. ಎತ್ತರ ತಪ್ಪಿದ್ದಕ್ಕೆ ಎಚ್ಚರಿಕೆಯ ಸದ್ದೂ ಬಂತು. ಯಾರ ಕಿವಿಗೂ ಬೀಳಲಿಲ್ಲ. ಜೌಗು ಪ್ರದೇಶಕ್ಕೆ ಹೋಗಿ ಬಿತ್ತು. 101 ಜನ ಸತ್ತರು. ಚಕ್ರ ಸರಿಯಾಗಿಯೇ ಇಳಿದಿತ್ತು. ಹೋಗಿದ್ದು ದೀಪದ ಬಲ್ಬು ಅಷ್ಟೇ. ಹೊರಗೆ ನೋಡುತ್ತ ವಿಮಾನ ಹಾರಿಸುವ ಕೆಲಸ ಇವತ್ತು ನಿನ್ನದು ಅಂತ ಒಬ್ಬರಿಗೆ ಹೇಳಿಬಿಟ್ಟಿದ್ದರೆ ಸಾಕಿತ್ತು.

ಪಾಳಿ ಬದಲಾಗುವ ಹೊತ್ತು ನನ್ನ ಮಟ್ಟಿಗೆ ದಿನದ ಅತಿ ಅಪಾಯದ ಹೊತ್ತು. ಹೋಗುವವನಿಗೆ ಮನೆ ಕಾಣುತ್ತಿರುತ್ತದೆ, ಬರುವವನಿಗೆ ಇನ್ನೂ ಕೆಲಸ ಕಾಣುತ್ತಿರುವುದಿಲ್ಲ. 1991ರ ಸೆಪ್ಟೆಂಬರ್ 11ರಂದು ಅಮೆರಿಕದ ಟೆಕ್ಸಾಸಿನಲ್ಲಿ ಕಾಂಟಿನೆಂಟಲ್ ಎಕ್ಸ್‌ಪ್ರೆಸ್‌ನ 2574 ವಿಮಾನ ಹಾರಾಟದಲ್ಲೇ ಮುರಿದು ಬಿತ್ತು. ಒಳಗಿದ್ದ 14 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಬಾಲದ ಅಡ್ಡರೆಕ್ಕೆಯ ಎಡಭಾಗದ ಮುಂದಿನ ಅಂಚಿನಲ್ಲಿ, ಮೇಲ್ಬದಿಯ 47 ಸ್ಕ್ರೂಗಳು ಇರಲೇ ಇಲ್ಲ. ಹಿಂದಿನ ರಾತ್ರಿ ಸಂಜೆ ಪಾಳಿಯವರು ಬಿಚ್ಚಿದ್ದರು. ಬಿಚ್ಚಿದ್ದರಲ್ಲಿ ತಪ್ಪಿಲ್ಲ, ಮಂಜುಗಟ್ಟದಂತೆ ತಡೆಯುವ ರಬ್ಬರ್ ಪಟ್ಟಿ ಬದಲಿಸಬೇಕಿತ್ತು. ಆಮೇಲೆ ಪಾಳಿ ಬದಲಾಯಿತು. ರಾತ್ರಿಯವರು ಬಲಗಡೆಯ ಪಟ್ಟಿ ಬದಲಿಸಿದರು. ಎಡಗಡೆಯದ್ದು ಆ ರಾತ್ರಿ ಆಗಲ್ಲ ಅಂತ ಬಿಟ್ಟರು. ಎಡಗಡೆ ಮೇಲೆ ಆಗಲೇ ಸ್ಕ್ರೂ ಬಿಚ್ಚಿದ್ದಾರೆ ಅನ್ನುವುದು ಕೆಲಸದ ಕಾಗದದಲ್ಲಿ ಇರಲಿಲ್ಲ. ಆ ವಿಮಾನದ ಅಡ್ಡರೆಕ್ಕೆ ಇರುವುದು ಬಾಲದ ತುದಿಯಲ್ಲಿ, ಎತ್ತರದಲ್ಲಿ. ನೆಲದ ಮೇಲೆ ನಿಂತು ನೋಡಿದರೆ ಅದರ ಮೇಲ್ಬದಿ ಕಾಣುವ ಮಾತೇ ಇಲ್ಲ. ಬೆಳಿಗ್ಗೆ ಪೈಲಟ್ ಎಷ್ಟೇ ಸುತ್ತು ಹಾಕಿ ನೋಡಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ.

ಅದನ್ನು ಬಿಚ್ಚಿದವರಲ್ಲಿ ಒಬ್ಬರು ಇನ್‌ಸ್ಪೆಕ್ಟರ್. ಅವರ ಕೆಲಸ ಪರಿಶೀಲಿಸುವುದು. ಕೈ ಸಾಲದು ಅಂತ ಸಹಾಯಕ್ಕೆ ಮೇಲೆ ಹತ್ತಿದ್ದರು. ನೋಡಿದ್ರಾ, ಇಲ್ಲೂ ಸಹಾಯ ಮಾಡಲು ಬಂದವರೇ.

ದಣಿವಿನ ಬಗ್ಗೆ ಎಲ್ಲರಿಗೂ ಗೊತ್ತು. ಆದರೆ ಗೊತ್ತು ಅಂದುಕೊಂಡಷ್ಟು ಗೊತ್ತಿಲ್ಲ. ದೇಹದ ಗಡಿಯಾರ ರಾತ್ರಿ 2ರಿಂದ 6ರವರೆಗೆ ತೀರಾ ಕೆಳಗೆ ಇಳಿದಿರುತ್ತದೆ. ಹಗಲು ಎಷ್ಟೇ ಮಲಗಿ ಬಂದಿದ್ದರೂ ಇದು ತಪ್ಪುವುದಿಲ್ಲ. 17 ಗಂಟೆ ನಿದ್ದೆಯಿಲ್ಲದೆ ಎದ್ದಿರುವವನ ಚುರುಕು, ರಕ್ತದಲ್ಲಿ ಶೇ 0.05 ಮದ್ಯ ಇರುವವನ ಚುರುಕಿಗೆ ಸಮ ಅಂತ 1997ರ ಒಂದು ಅಧ್ಯಯನ ತೋರಿಸಿದೆ. ಕುಡಿದು ಹ್ಯಾಂಗರಿಗೆ ಬಂದರೆ ಗೇಟಿನಲ್ಲೇ ಹಿಡಿಯುತ್ತಾರೆ. ನಿದ್ದೆಗೆಟ್ಟು ಬಂದರೆ "ಪಾಪ, ಎಷ್ಟು ಕಷ್ಟಪಡ್ತಾನೆ" ಅಂತ ಬೆನ್ನು ತಟ್ಟುತ್ತಾರೆ.

ನಿದ್ದೆ ಮಾಡಿದರೂ ಅಪಾಯ ಇರಬಹುದು ಅನ್ನುವುದಕ್ಕೆ 2010ರ ಮೇ 22ರ ಮಂಗಳೂರು ಅಪಘಾತವಿದೆ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 812 ವಿಮಾನ. 158 ಜನ ಸತ್ತರು, 8 ಜನ ಉಳಿದರು. ಕ್ಯಾಪ್ಟನ್ ಹಾರಾಟದ ಬಹುಹೊತ್ತು ನಿದ್ದೆ ಮಾಡಿದ್ದರು ಅನ್ನುವುದು ಕಾಕ್‌ಪಿಟ್ ಧ್ವನಿಮುದ್ರಣದಿಂದ ತಿಳಿಯಿತು. ಗಾಢ ನಿದ್ದೆಯಿಂದ ಎದ್ದ ಕೂಡಲೇ ತಲೆ ಪೂರ್ತಿ ಕೆಲಸ ಮಾಡುವುದಿಲ್ಲ. ಮಂಪರು ಕಳೆಯಲು ಹೊತ್ತು ಬೇಕು. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು, ರನ್‌ವೇಯ ಬಹುಭಾಗ ದಾಟಿದ ಮೇಲೆ ನೆಲ ಮುಟ್ಟಿತು. ಕೋ-ಪೈಲಟ್ "ಗೋ ಅರೌಂಡ್" ಅಂತ ಮೂರು ಸಲ ಹೇಳಿದ್ದರು. ಅಂದರೆ ಇಳಿಸಬೇಡಿ, ಮತ್ತೆ ಮೇಲಕ್ಕೆ ಹೋಗೋಣ ಅಂತ. ವಿಮಾನದ ಎಚ್ಚರಿಕೆ ವ್ಯವಸ್ಥೆಯೂ ಕೂಗುತ್ತಿತ್ತು. ಇವತ್ತಿಗೂ ಆ ವರದಿ ಓದಿದರೆ ನನಗೆ ಕಣ್ಣೆದುರು ನಿಲ್ಲುವುದು ಆ ಮೂರು ಸಲ ಹೇಳಿದ ಮಾತು.

ಹೇಳುವುದು, ಕೇಳಿಸಿಕೊಳ್ಳುವುದು ಇದೆಯಲ್ಲ, ವಿಮಾನಯಾನದ ಅತಿ ದೊಡ್ಡ ದುರಂತ ಅದರ ಮೇಲೇ ನಿಂತಿದೆ. 1977ರ ಮಾರ್ಚ್ 27, ಸ್ಪೇನಿನ ಟೆನೆರಿಫ್ ದ್ವೀಪ. ದಟ್ಟ ಮಂಜು. ಒಂದೇ ರನ್‌ವೇ ಮೇಲೆ ಎರಡು ಜಂಬೋ ವಿಮಾನಗಳು, ಕೆಎಲ್‌ಎಂನದ್ದು ಒಂದು, ಪ್ಯಾನ್ ಆಮ್‌ನದ್ದು ಒಂದು. ಕೆಎಲ್‌ಎಂ ಕ್ಯಾಪ್ಟನ್ ಸಾಮಾನ್ಯ ಪೈಲಟ್ ಅಲ್ಲ. ತಮ್ಮ ಕಂಪನಿಯಲ್ಲಿ ಜಂಬೋ ಹಾರಿಸುವವರಿಗೆ ಪಾಠ ಹೇಳುವ ಹಿರಿಯರು. ಡ್ಯೂಟಿ ಅವಧಿ ಮೀರುತ್ತಿದೆ ಅನ್ನುವ ತಲೆಬಿಸಿ ಬೇರೆ. ಅನುಮತಿ ಸಿಕ್ಕಿದೆ ಅಂದುಕೊಂಡು ವೇಗ ಹೆಚ್ಚಿಸಿದರು. ಪ್ಯಾನ್ ಆಮ್ ಇನ್ನೂ ರನ್‌ವೇ ಮೇಲಿದೆ ಅನ್ನುವ ಮಾತು ರೇಡಿಯೋದಲ್ಲಿ ಬರುವ ಹೊತ್ತಿಗೆ ಟವರಿನವರೂ ಮಾತಾಡಿದರು. ಎರಡು ಮಾತು ಒಂದರ ಮೇಲೊಂದು ಬಿದ್ದು ಕೀರಲು ಸದ್ದು ಮಾತ್ರ ಕೇಳಿಸಿತು. ಕೆಎಲ್‌ಎಂನ ಫ್ಲೈಟ್ ಇಂಜಿನಿಯರಿಗೆ ಅನುಮಾನ ಬಂತು. ಆ ಇನ್ನೊಂದು ವಿಮಾನ ಹೊರಗೆ ಹೋಗಿಲ್ವಾ ಅಂತ ಕೇಳಿದರು ಕೂಡ. ಹೋಗಿದೆ ಅಂತ ಕ್ಯಾಪ್ಟನ್ ಖಡಾಖಂಡಿತವಾಗಿ ಹೇಳಿದರು. ಅಲ್ಲಿಗೆ ಅವರು ಸುಮ್ಮನಾದರು. ಎರಡೂ ವಿಮಾನ ಡಿಕ್ಕಿಯಾಗಿ 583 ಜನ ಸತ್ತರು.

ಅದಾದ ಮೇಲೆ ರೇಡಿಯೋ ಮಾತಿನ ನಿಯಮವೇ ಬದಲಾಯಿತು. ನಿಜವಾಗಿ ಹಾರಲು ಅನುಮತಿ ಕೊಡುವಾಗ ಬಿಟ್ಟರೆ, ಅಥವಾ ಅದನ್ನು ರದ್ದು ಮಾಡುವಾಗ ಬಿಟ್ಟರೆ, ‘ಟೇಕಾಫ್’ ಅನ್ನುವ ಹಾಗಿಲ್ಲ. ಬೇರೆ ಸಮಯದಲ್ಲಿ ‘ಡಿಪಾರ್ಚರ್’ ಅನ್ನಬೇಕು. ಮರುವರ್ಷ, 1978ರ ಡಿಸೆಂಬರ್ 28ರಂದು ಪೋರ್ಟ್‌ಲ್ಯಾಂಡಿನಲ್ಲಿ ಯುನೈಟೆಡ್‌ನ 173 ವಿಮಾನ ಚಕ್ರದ ತೊಂದರೆ ನೋಡುತ್ತ ನೋಡುತ್ತ ಇಂಧನ ಮುಗಿಸಿಕೊಂಡು ಬಿತ್ತು. ಇಂಧನ ಕಡಿಮೆ ಆಗುತ್ತಿದೆ ಅಂತ ಜೊತೆಯವರು ಹೇಳಿದ್ದು ಕ್ಯಾಪ್ಟನ್‌ಗೆ ನಾಟಲಿಲ್ಲ. 10 ಜನ ಸತ್ತರು. ಈ ಎರಡರ ನಂತರವೇ ಸಿಆರ್‌ಎಂ (ಕ್ರೂ ರಿಸೋರ್ಸ್ ಮ್ಯಾನೇಜ್ಮೆಂಟ್) ಅನ್ನುವ ತರಬೇತಿ ಶುರುವಾಗಿದ್ದು. ಕಿರಿಯರು ಹೇಗೆ ಹೇಳಬೇಕು, ಹಿರಿಯರು ಹೇಗೆ ಕೇಳಬೇಕು ಅನ್ನುವುದನ್ನು ಅಲ್ಲಿ ಕಲಿಸುತ್ತಾರೆ. ಮೊದಮೊದಲು ಹಳೆಯ ಕ್ಯಾಪ್ಟನ್‌ಗಳು ಇದನ್ನು ಗೇಲಿ ಮಾಡಿದ್ದೂ ಉಂಟು. ಮೇಂಟೆನೆನ್ಸ್ ಕಡೆಗೆ ಅದು ಬರಲು ಇನ್ನೂ ತಡವಾಯಿತು. ನನಗೆ ಅನ್ನಿಸುವುದು, ಕಿರಿಯರಿಗೆ ಧೈರ್ಯ ಹೇಳಿಕೊಡುವುದು ಸುಲಭ. ಹಿರಿಯರ ಮುಖ ಸಿಂಡರಿಸದ ಹಾಗೆ ಮಾಡುವುದೇ ಕಷ್ಟ. ಹೊಸ ಟೆಕ್ನಿಷಿಯನ್ ಒಂದು ಸಲ ಬಂದು "ಸಾರ್, ಇದು ಸರಿ ಇದೆಯಾ?" ಅಂದಾಗ "ನಿನಗೇನು ಗೊತ್ತು" ಅಂದುಬಿಟ್ಟರೆ ಮುಗೀತು, ಅವನು ಇನ್ನು ಆ ವರ್ಷವಿಡೀ ಬರುವುದಿಲ್ಲ.

ರೂಢಿಯ ವಿಷಯ ಇನ್ನೂ ಕಿರಿಕಿರಿ. ಅದನ್ನು ತಪ್ಪು ಅಂತ ಗುರುತಿಸುವವರೇ ಇರುವುದಿಲ್ಲ. 1979ರ ಮೇ 25ರಂದು ಷಿಕಾಗೋದಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ 191 ವಿಮಾನ ಮೇಲೇಳುತ್ತಿದ್ದಂತೆ ಎಡಗಡೆಯ ಇಂಜಿನ್ ರೆಕ್ಕೆಯಿಂದ ಕಳಚಿ ಬಿತ್ತು. ನೆಲದ ಮೇಲಿದ್ದ ಇಬ್ಬರೂ ಸೇರಿ 273 ಜನ ಸತ್ತರು. ವಿಮಾನ ತಯಾರಿಸಿದವರು ಹೇಳಿದ್ದ ಕ್ರಮ ಬೇರೆ: ಮೊದಲು ಇಂಜಿನ್ ಇಳಿಸಿ, ಆಮೇಲೆ ಅದನ್ನು ರೆಕ್ಕೆಗೆ ಹಿಡಿದಿಡುವ ತೊಲೆಯಂಥ ಭಾಗವನ್ನು ಬಿಚ್ಚಿ. ಹ್ಯಾಂಗರಿನಲ್ಲಿ ಎರಡನ್ನೂ ಒಟ್ಟಿಗೆ ಫೋರ್ಕ್‌ಲಿಫ್ಟ್ ಮೇಲೆ ಹೊತ್ತು ಇಳಿಸುತ್ತಿದ್ದರು. ಬಹಳ ಗಂಟೆ ಉಳಿತಾಯ ಆಗುತ್ತಿತ್ತು. ಇದು ಯಾರೋ ಒಬ್ಬ ಕದ್ದು ಮಾಡಿದ್ದಲ್ಲ, ಅಲ್ಲಿನ ಅಧಿಕೃತ ಪದ್ಧತಿಯೇ ಆಗಿತ್ತು. ಹಾಗೆ ಇಳಿಸಿ ಕೂರಿಸುವಾಗ ಆ ತೊಲೆಯಂಥ ಭಾಗ ಒಂದು ಕಡೆ ತಾಗಿ ಬಿರುಕು ಬಿಟ್ಟಿತು. ವಾರಗಟ್ಟಲೆ ಹಾಗೇ ಹಾರಿತು.

ಇಷ್ಟೆಲ್ಲ ಹೇಳಿ, ನನಗೆ ಖುಷಿ ಕೊಡುವ ಒಂದು ವಿಷಯವನ್ನೂ ಹೇಳದಿದ್ದರೆ ಅನ್ಯಾಯ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬಿ-17 ಬಾಂಬರುಗಳಲ್ಲಿ ವಿಚಿತ್ರ ತಪ್ಪೊಂದು ಆಗುತ್ತಿತ್ತು. ವಿಮಾನ ಸರಿಯಾಗಿ ಇಳಿಯುತ್ತದೆ, ರನ್‌ವೇ ಮೇಲೆ ಓಡುತ್ತಿರುತ್ತದೆ. ಆಗ ಪೈಲಟ್ ಫ್ಲ್ಯಾಪ್ (ಇಳಿಯುವಾಗ ರೆಕ್ಕೆಯ ಹಿಂದೆ ಚಾಚುವ ಹಲಗೆ) ಮಡಚುವ ಬದಲು ಚಕ್ರ ಮಡಚಿಬಿಡುತ್ತಿದ್ದರು. ವಿಮಾನ ಹೊಟ್ಟೆ ಮೇಲೆ ಕೂತುಬಿಡುತ್ತಿತ್ತು. ಯುದ್ಧದಿಂದ ಬದುಕಿ ಬಂದ ಪೈಲಟ್‌ಗಳು ಇವರು, ದಡ್ಡರಲ್ಲ. 1943ರಲ್ಲಿ ಆಲ್ಫೋನ್ಸ್ ಚಪಾನಿಸ್ ಅನ್ನುವ ಮನಶ್ಶಾಸ್ತ್ರಜ್ಞ ಕಾಕ್‌ಪಿಟ್ ಒಳಗೆ ಹೋಗಿ ನೋಡಿದ. ಎರಡೂ ಸ್ವಿಚ್ಚು ಒಂದೇ ಥರ, ಅಕ್ಕಪಕ್ಕದಲ್ಲೇ. ಸುಸ್ತಾದ ಕೈ ಕತ್ತಲಲ್ಲಿ ಯಾವುದನ್ನು ಹಿಡಿಯಬೇಕು? ಚಕ್ರದ ಹಿಡಿಗೆ ಪುಟ್ಟ ರಬ್ಬರ್ ಚಕ್ರ ಅಂಟಿಸಿದ, ಫ್ಲ್ಯಾಪಿನ ಹಿಡಿಗೆ ರೆಕ್ಕೆಯ ಅಂಚಿನ ಹಾಗೆ ಕಾಣುವ ತುಂಡು. ಸಮಸ್ಯೆ ಹೋಯಿತು. ಇವತ್ತಿನ ಜೆಟ್‌ಗಳ ಕಾಕ್‌ಪಿಟ್ಟಿನಲ್ಲೂ ಚಕ್ರದ ಲಿವರ್ ತುದಿಯಲ್ಲಿ ಪುಟ್ಟದೊಂದು ಚಕ್ರ ಇರುತ್ತದೆ. ಅವಕಾಶ ಸಿಕ್ಕರೆ ನೋಡಿ. ಅದೇ ಬಿ-17ರ ಮೊದಲ ಮಾದರಿ 1935ರಲ್ಲಿ ಪರೀಕ್ಷಾ ಹಾರಾಟದಲ್ಲಿ ಬಿದ್ದಿದ್ದು ನೆಲದ ಮೇಲೆ ನಿಂತಾಗ ಬಾಲದ ತಿರುಗುವ ಭಾಗಗಳು ಗಾಳಿಗೆ ಅಲುಗದಂತೆ ಹಾಕಿದ್ದ ಲಾಕ್ ತೆಗೆಯುವುದನ್ನು ಮರೆತಿದ್ದಕ್ಕೆ. ಪೈಲಟ್‌ಗಳ ಚೆಕ್‌ಲಿಸ್ಟ್ ಬಳಕೆಗೆ ಬಂದಿದ್ದು ಅದರಿಂದ. ಒಂದೇ ವಿಮಾನ ಎರಡು ಪಾಠ ಕಲಿಸಿತು.

ಚಪಾನಿಸ್ "ಪೈಲಟ್ ತಪ್ಪು" ಅಂತ ಬರೆದು ಫೈಲ್ ಮುಚ್ಚಬಹುದಿತ್ತು. ಕಾಗದದಲ್ಲಿ ಅದು ನಿಜವೂ ಆಗಿರುತ್ತಿತ್ತು.

ಹೀಗೆ ಬಗೆದು ನೋಡಬೇಕಾದರೆ ಜನ ಬಂದು ನಡೆದಿದ್ದನ್ನು ಹೇಳಬೇಕು. ಹೇಳಿದವನನ್ನೇ ಮೊದಲು ಹಿಡಿದುಕೊಂಡರೆ ಯಾರು ಹೇಳುತ್ತಾರೆ? ಅಮೆರಿಕದಲ್ಲಿ 1976ರಿಂದ ನಾಸಾ ನಡೆಸುವ ಒಂದು ವ್ಯವಸ್ಥೆ ಇದೆ. ಪೈಲಟ್, ಮೆಕ್ಯಾನಿಕ್, ಕಂಟ್ರೋಲರ್ ಯಾರು ಬೇಕಾದರೂ ತಮ್ಮ ತಪ್ಪನ್ನೋ ಕಂಡ ತಪ್ಪನ್ನೋ ಬರೆದು ಕಳಿಸಬಹುದು. ಹೆಸರು ಹೊರಗೆ ಬರುವುದಿಲ್ಲ. ನಾಸಾಗೆ ಕೊಟ್ಟಿದ್ದು ಜಾಣತನ, ಯಾಕಂದರೆ ಅವರಿಗೆ ಲೈಸೆನ್ಸ್ ಕಿತ್ತುಕೊಳ್ಳುವ ಅಧಿಕಾರ ಇಲ್ಲ. ಹಾಗಂತ ಏನು ಮಾಡಿದರೂ ಮಾಫಿ ಅಂತ ಅಲ್ಲ. ಮಾಡದ ಕೆಲಸಕ್ಕೆ ಸಹಿ ಹಾಕಿದವನನ್ನು ನಾನೂ ಒಂದು ನಿಮಿಷ ಶಿಫ್ಟಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಕೈ ತಪ್ಪಿದ್ದಕ್ಕೂ ಸುಳ್ಳು ಬರೆದಿದ್ದಕ್ಕೂ ಒಂದೇ ಶಿಕ್ಷೆ ಕೊಡುವ ಕಡೆ, ಕೈ ತಪ್ಪಿದವನೂ ಸುಳ್ಳು ಬರೆಯಲು ಕಲಿಯುತ್ತಾನೆ ಅಷ್ಟೇ.

ಇದೆಲ್ಲ ಹಳೆಯ ಕಾಲದ್ದು, ಈಗ ಎಲ್ಲ ಕಂಪ್ಯೂಟರ್ ಅಲ್ವಾ ಅನ್ನುವವರಿಗೆ 2024ರ ಜನವರಿ 5 ನೆನಪಿಸುತ್ತೇನೆ. ಅಲಾಸ್ಕಾ ಏರ್‌ಲೈನ್ಸ್‌ನ 1282, ಹೊಚ್ಚಹೊಸ ಬೋಯಿಂಗ್ 737 ಮ್ಯಾಕ್ಸ್ 9. ಪೋರ್ಟ್‌ಲ್ಯಾಂಡಿನಿಂದ ಮೇಲೇರುತ್ತಿದ್ದಂತೆ ಬಾಗಿಲಿನ ಜಾಗ ಮುಚ್ಚಿದ್ದ ಫಲಕವೊಂದು ಹಾರಿಹೋಯಿತು. ಒಳಗೆ 177 ಜನ. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಆ ಫಲಕವನ್ನು ಹಿಡಿದಿಡಬೇಕಿದ್ದ ಬೋಲ್ಟುಗಳು 4. ಕಾರ್ಖಾನೆಯಲ್ಲಿ ಪಕ್ಕದ ರಿವೆಟ್ ಸರಿಮಾಡಲು ಫಲಕ ತೆರೆದಿದ್ದರು. ಮತ್ತೆ ಮುಚ್ಚಿದರು, ಬೋಲ್ಟು ಹಾಕಲಿಲ್ಲ. ಅದನ್ನು ತೆರೆದಿದ್ದೇವೆ ಅಂತ ಯಾರೂ ಕಾಗದ ಮಾಡಿರಲಿಲ್ಲ. ಕಾಗದ ಇಲ್ಲದ್ದರಿಂದ ಮುಚ್ಚಿದ ಮೇಲೆ ಬಂದು ನೋಡಬೇಕು ಅನ್ನುವುದು ಯಾವ ಇನ್‌ಸ್ಪೆಕ್ಟರಿನ ಪಟ್ಟಿಯಲ್ಲೂ ಬರಲಿಲ್ಲ.